ಜುಲೈನಲ್ಲಿ ಆಟಗಾರರನ್ನು ಬಿಟ್ಟುಕೊಟ್ಟ ತಂಡ ಅಕ್ಟೋಬರ್‌ನಲ್ಲಿ ಆಡಿದ್ದು ಹೇಗೆ?

ಪ್ರಶ್ನೆ: ಮಗಳು ಅಮೆರಿಕದ ಮಿಷಿಗನ್‌ನಲ್ಲಿದ್ದಾಳೆ. 2024ರ ಬೇಸಿಗೆಯಲ್ಲಿ ಅಲ್ಲಿಗೆ ಹೋದ ನಾವು ಅಕ್ಟೋಬರ್‌ವರೆಗೂ ಇದ್ದೆವು. ಮೊಮ್ಮಗ ಡೆಟ್ರಾಯಿಟ್ ಟೈಗರ್ಸ್ ಬೇಸ್‌ಬಾಲ್ ತಂಡದ ಅಭಿಮಾನಿ. ಅವನ ಪಕ್ಕ ಕುಳಿತು ಆಟ ನೋಡುವುದನ್ನು ಕಲಿತೆ. ಕ್ರಿಕೆಟ್ ಗೊತ್ತಿದ್ದರಿಂದ ಆಟ ಅರ್ಥವಾಯಿತು. ತಂಡ ನಡೆಸುವ ರೀತಿ ಮಾತ್ರ ತಲೆಗೆ ಹತ್ತಲಿಲ್ಲ. ಜುಲೈ ಕೊನೆಗೆ ಒಳ್ಳೆಯ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಆಮೇಲೆ ದಿನಕ್ಕೊಬ್ಬ ಹೊಸಬ ಬಂದ, ಹಳಬ ಹೋದ. ಆದರೂ ಪ್ಲೇಆಫ್ ತಲುಪಿದರು. ಮರುವರ್ಷ ಹೊರಗಿನಿಂದ ಆಟಗಾರರನ್ನು ತಂದರು, ಕೈಯಲ್ಲಿದ್ದ ಅಗ್ರಸ್ಥಾನವನ್ನೇ ಕಳೆದುಕೊಂಡರು. ಇದರಲ್ಲಿ ಲೆಕ್ಕಾಚಾರವೆಷ್ಟು, ಅದೃಷ್ಟವೆಷ್ಟು?

ಉತ್ತರ: 2024ರ ಆಗಸ್ಟ್ 10ರ ರಾತ್ರಿ ಟೈಗರ್ಸ್ 55 ಪಂದ್ಯ ಗೆದ್ದು 63 ಸೋತಿತ್ತು. ಪ್ಲೇಆಫ್‌ನ ಕೊನೆಯ ಸ್ಥಾನ ಹಿಡಿದಿದ್ದ ತಂಡಕ್ಕಿಂತ ಹತ್ತು ಪಂದ್ಯ ಹಿಂದೆ. ಫ್ಯಾನ್‌ಗ್ರಾಫ್ಸ್ ಎಂಬ ಅಂಕಿಅಂಶ ತಾಣ ಅಂದು ಅವರಿಗೆ ಕೊಟ್ಟ ಅವಕಾಶ ಶೇ 0.2. ಅಲ್ಲಿಂದಾಚೆಗಿನ 44 ಪಂದ್ಯಗಳಲ್ಲಿ 31 ಗೆದ್ದು, 13 ಮಾತ್ರ ಸೋತು, 86-76ರಲ್ಲಿ ಋತು ಮುಗಿಸಿದರು. 2014ರ ನಂತರ ಅವರಿಗೆ ಅದೇ ಮೊದಲ ಪ್ಲೇಆಫ್.

ಶೇ 0.2 ಎಂದು ಬರೆದವರನ್ನು ಆಮೇಲೆ ಬಹಳ ಜನ ಗೇಲಿ ಮಾಡಿದರು. ಆ ಗೇಲಿ ನನಗೆ ಸರಿಕಾಣುವುದಿಲ್ಲ. ಉಳಿದ ಪಂದ್ಯಗಳನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಆಡಿಸಿ ನೋಡಿದರೆ ಸಾವಿರಕ್ಕೆ ಎರಡು ಸಲ ಈ ತಂಡ ಒಳಗೆ ಬರುತ್ತದೆ ಎಂದಷ್ಟೇ ಅದರ ಅರ್ಥ. ಮೂವತ್ತು ತಂಡಗಳು ವರ್ಷವರ್ಷವೂ ಆಡುವಾಗ ಆ ಎರಡು ಸಲಗಳಲ್ಲಿ ಒಂದು ಎಂದಾದರೂ ನಮ್ಮ ಕಣ್ಣೆದುರಿಗೇ ಬರಬೇಕಲ್ಲವೇ? ಆದರೆ ಆ ಲೆಕ್ಕಕ್ಕೆ ಒಂದು ಕುರುಡಿದೆ. ಇಂದಿನ ಪಟ್ಟಿಯಲ್ಲಿರುವವರ ಬಲವನ್ನು ಅದು ಚೆನ್ನಾಗಿ ತೂಗುತ್ತದೆ. ಮುಂದಿನ ವಾರ ಪಟ್ಟಿಯೇ ಬದಲಾಗಿ, ಪಿಚರ್‌ಗಳನ್ನು, ಅಂದರೆ ಚೆಂಡು ಎಸೆಯುವವರನ್ನು, ಬಳಸುವ ಕ್ರಮವೂ ಬದಲಾದರೆ ಏನಾಗುತ್ತದೆ ಎಂಬುದನ್ನು ಅಷ್ಟು ಚೆನ್ನಾಗಿ ಹಿಡಿಯಲಾರದು. ಡೆಟ್ರಾಯಿಟ್‌ನಲ್ಲಿ ನಡೆದದ್ದು ಅದೇ.

ಮೊದಲು ಪಟ್ಟಿಯ ವಿಚಾರ. ಐಪಿಎಲ್‌ನಲ್ಲಿ ಹರಾಜು ಮುಗಿದರೆ ಆ ವರ್ಷದ ತಂಡ ಬಹುಮಟ್ಟಿಗೆ ಗೊತ್ತಾದಂತೆ; ಗಾಯಗೊಂಡವರ ಬದಲಿ ಬಿಟ್ಟರೆ ಹೆಚ್ಚು ಅಲುಗಾಟವಿಲ್ಲ. ಬೇಸ್‌ಬಾಲ್‌ನಲ್ಲಿ ಆರು ತಿಂಗಳಲ್ಲಿ 162 ಪಂದ್ಯ. ಹೆಚ್ಚುಕಡಿಮೆ ಪ್ರತಿದಿನ ಆಟ. ಹಾಗಾಗಿ ತಂಡವೆಂದರೆ ಹರಿಯುತ್ತಲೇ ಇರುವ ಪಟ್ಟಿ. ಒಂದು ದಿನಕ್ಕೆ ಮೈದಾನಕ್ಕಿಳಿಯಬಹುದಾದವರು 26 ಮಂದಿ. ಅವರನ್ನೂ ಒಳಗೊಂಡು, ಬೇರೆಯವರು ಎಗರಿಸಿಕೊಂಡು ಹೋಗದಂತೆ ತಂಡ ಕಾಪಾಡಿಕೊಂಡವರ ದೊಡ್ಡ ಪಟ್ಟಿ 40 ಮಂದಿಯದು. ಅದರ ಕೆಳಗೆ ಕಿರಿಯ ಲೀಗ್‌ಗಳ ತಂಡಗಳು. ಟೈಗರ್ಸ್‌ಗೆ ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಒಹಾಯೊದ ಟೊಲೀಡೊ; ಡೆಟ್ರಾಯಿಟ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಬೆಳಿಗ್ಗೆ ಕರೆ ಬಂದರೆ ಸಂಜೆಯ ಪಂದ್ಯಕ್ಕೆ ಆಟಗಾರ ಹಾಜರು.

ಗಾಯಗೊಂಡ ಬ್ಯಾಟರ್ ಕನಿಷ್ಠ 10 ದಿನ, ಪಿಚರ್ 15 ದಿನ ಗಾಯಾಳುಗಳ ಪಟ್ಟಿಗೆ ಹೋಗುತ್ತಾರೆ. 60 ದಿನದ ಪಟ್ಟಿಗೆ ಹಾಕಿದರೆ ನಲವತ್ತರ ಪಟ್ಟಿಯಲ್ಲೂ ಒಂದು ಸ್ಥಾನ ತೆರವಾಗುತ್ತದೆ. ಎಳೆಯ ಆಟಗಾರನನ್ನು ಕೆಳಕ್ಕೆ ಕಳಿಸಿ ಮತ್ತೆ ಕರೆಸುವ ಹಕ್ಕು ತಂಡಕ್ಕೆ ಸಾಮಾನ್ಯವಾಗಿ ಮೂರು ಋತುಗಳ ಮಟ್ಟಿಗೆ ಇರುತ್ತದೆ, ಒಂದು ಋತುವಿನಲ್ಲಿ ಐದು ಸಲಕ್ಕಿಂತ ಹೆಚ್ಚು ಕಳಿಸುವಂತಿಲ್ಲ. ನೀವು ನೋಡಿದ ಬರುವ-ಹೋಗುವ ಸಂತೆಯ ಹಿಂದಿರುವುದು ಈ ಮೂರ್ನಾಲ್ಕು ನಿಯಮಗಳು.

ಸೆಪ್ಟೆಂಬರ್ 1ಕ್ಕೆ 26 ಹೋಗಿ 28 ಆಗುತ್ತದೆ, ಅದರಲ್ಲಿ ಪಿಚರ್‌ಗಳು 14 ಮೀರುವಂತಿಲ್ಲ. 2020ಕ್ಕೆ ಮೊದಲು ಸೆಪ್ಟೆಂಬರ್‌ನಲ್ಲಿ ನಲವತ್ತೂ ಜನರನ್ನು ಕೂರಿಸಿಕೊಳ್ಳಬಹುದಿತ್ತು, ಒಬ್ಬೊಬ್ಬ ಬ್ಯಾಟರ್‌ಗೆ ಒಬ್ಬೊಬ್ಬ ಪಿಚರ್‌ನನ್ನು ತಂದು ಆಟ ಎಳೆಯುವುದು ರೇಜಿಗೆ ಹಿಡಿಸುತ್ತಿತ್ತು. ಅದನ್ನು ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ಜುಲೈ ಕೊನೆಯ ಗಡುವಿನ ನಂತರ ದೊಡ್ಡ ವಿನಿಮಯಗಳು ನಿಲ್ಲುತ್ತವೆ. ಆದರೆ ಆಗಸ್ಟ್ 31 ಎಂಬ ಇನ್ನೊಂದು ಗೆರೆ ಇದೆ: ಅಂದಿಗೆ ತಂಡದ ಸಂಸ್ಥೆಯೊಳಗೆ ಇಲ್ಲದವನು ಅಕ್ಟೋಬರ್‌ನ ಪ್ಲೇಆಫ್‌ನಲ್ಲಿ ಆ ತಂಡಕ್ಕೆ ಆಡುವಂತಿಲ್ಲ. ಆದ್ದರಿಂದ ಬೇರೆ ತಂಡಗಳು ಬೇಡವೆಂದು ಬಿಟ್ಟವರನ್ನು ಎತ್ತಿಕೊಳ್ಳುವ ಓಡಾಟ ಆ ಕೊನೆಯ ದಿನ ಜೋರು. 2024ರ ಆಗಸ್ಟ್ 29ರಂದು ಕಾನ್ಸಸ್ ಸಿಟಿ ರಾಯಲ್ಸ್‌ನ ವಿನ್ನಿ ಪಾಸ್ಕ್ವಾಂಟಿನೊ ಹೆಬ್ಬೆರಳು ಮುರಿದುಕೊಂಡರು. ಎರಡೇ ದಿನದಲ್ಲಿ ಆ ತಂಡ ಟಾಮಿ ಫಾಮ್, ರಾಬಿ ಗ್ರಾಸ್‌ಮನ್, ಯೂಲಿ ಗುರಿಯೆಲ್ ಎಂಬ ಮೂವರು ಅನುಭವಿಗಳನ್ನು ಒಟ್ಟು ಹಾಕಿತು. ಮೂವರೂ ವಯಸ್ಸಾದವರು, ಮೂವರೂ ಅಗ್ಗ. ರಾಯಲ್ಸ್ ಕೂಡ 86-76ರಲ್ಲೇ ಮುಗಿಸಿ ಪ್ಲೇಆಫ್ ಸೇರಿತು.

ಈಗ ಟೈಗರ್ಸ್ ಬಿಟ್ಟುಕೊಟ್ಟವರ ವಿಷಯ. ಜ್ಯಾಕ್ ಫ್ಲಾಹರ್ಟಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ, ಮಾರ್ಕ್ ಕಾನಾ ಸ್ಯಾನ್ ಫ್ರಾನ್ಸಿಸ್ಕೊಗೆ, ಕಾರ್ಸನ್ ಕೆಲಿ ಮತ್ತು ಆಂಡ್ರ್ಯೂ ಚೇಫಿನ್ ಟೆಕ್ಸಸ್‌ಗೆ ಹೋದರು. ನೋವಾದದ್ದು ಫ್ಲಾಹರ್ಟಿ ಹೋದದ್ದಕ್ಕೆ. ತಾರಿಕ್ ಸ್ಕೂಬಲ್ ನಂತರ ತಂಡದ ಎರಡನೆಯ ಪಿಚರ್ ಅವರೇ. ಆದರೆ ಅವರದು ಒಂದೇ ವರ್ಷದ, 1.4 ಕೋಟಿ ಡಾಲರ್‌ನ ಒಪ್ಪಂದ; ನವೆಂಬರ್‌ನಲ್ಲಿ ಹೇಗೂ ಕೈಬಿಟ್ಟು ಹೋಗುತ್ತಿದ್ದರು. ಅವರ ಬದಲಿಗೆ ಟ್ರೇ ಸ್ವೀನಿ ಎಂಬ ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಮತ್ತು ಥೈರನ್ ಲಿರಾಂಜೊ ಎಂಬ 21 ವರ್ಷದ ಕ್ಯಾಚರ್ (ವಿಕೆಟ್‌ಕೀಪರ್ ಇದ್ದಂತೆ) ಬಂದರು. ಹತ್ತು ವರ್ಷದಿಂದ ಪ್ಲೇಆಫ್ ಕಾಣದ, ಸೋಲೇ ಹೆಚ್ಚಿದ್ದ ತಂಡ ಆ ದಿನ ಅದನ್ನು ಮಾಡದೇ ಇದ್ದಿದ್ದರೆ ನಾನೇ ಬೈದು ಬರೆಯುತ್ತಿದ್ದೆ. ತಂಡದ ಮುಖ್ಯಸ್ಥ ಸ್ಕಾಟ್ ಹ್ಯಾರಿಸ್ ಮಾಡಿದ ನಿಜವಾದ ನಿರ್ಧಾರ ಇನ್ನೊಂದು: ಎಷ್ಟೇ ಸುದ್ದಿ ಹಬ್ಬಿದರೂ ಸ್ಕೂಬಲ್ ಅವರನ್ನು ಬಿಟ್ಟುಕೊಡಲಿಲ್ಲ. ಆ ವರ್ಷ ಸ್ಕೂಬಲ್ 18 ಗೆದ್ದು 4 ಸೋತರು, ಒಂಬತ್ತು ಇನಿಂಗ್ಸ್‌ಗೆ ಸರಾಸರಿ 2.39 ರನ್ ಕೊಟ್ಟರು, 228 ಸಲ ಬ್ಯಾಟರ್‌ಗಳನ್ನು ಮೂರು ಸ್ಟ್ರೈಕ್‌ಗಳಿಂದ ಔಟ್ ಮಾಡಿದರು. ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯಲ್ಲಿ ಎಲ್ಲ ಮತವೂ ಅವರಿಗೇ ಬಿತ್ತು.

ಜನ ನೋಡಿದ್ದು ಹೋದವರನ್ನು. ತಂಡವನ್ನು ಮೇಲೆತ್ತಿದ್ದು ಹದಿನೈದು ದಿನಗಳಲ್ಲಿ ಸದ್ದಿಲ್ಲದೆ ಒಳಗೆ ಬಂದವರು. ಮೇ ತಿಂಗಳಲ್ಲಿ .096 ಬ್ಯಾಟಿಂಗ್ ಸರಾಸರಿಯಿಂದ (ನೂರು ಸರದಿಗೆ ಹತ್ತು ಹಿಟ್ ಕೂಡ ಇಲ್ಲ) ಟೊಲೀಡೊಗೆ ತಳ್ಳಿಸಿಕೊಂಡಿದ್ದ ಪಾರ್ಕರ್ ಮೆಡೋಸ್ ಆಗಸ್ಟ್ ಆರಂಭದಲ್ಲಿ ಸೆಂಟರ್ ಫೀಲ್ಡ್‌ಗೆ ಮರಳಿದರು. ಬೆನ್ನುಮೂಳೆಯ ಬಿರುಕಿನಿಂದ ಮೇ ಕೊನೆಯಿಂದ ಹೊರಗಿದ್ದ ಕೆರಿ ಕಾರ್ಪೆಂಟರ್ ಆಗಸ್ಟ್ ಎರಡನೆಯ ವಾರ ಬಂದರು. ತೊಡೆಯ ಸ್ನಾಯು ನೋವಿನಿಂದ ಕುಳಿತಿದ್ದ ರೈಲಿ ಗ್ರೀನ್ ಬಂದರು. ಆಗಸ್ಟ್ 16ರಂದು ಸ್ವೀನಿ ಮತ್ತು ಜೇಸ್ ಯಂಗ್ ಒಂದೇ ದಿನ ಮೊದಲ ಪಂದ್ಯ ಆಡಿದರು. ಅದೇ ಹೊತ್ತಿಗೆ ಸ್ಪೆನ್ಸರ್ ಟಾರ್ಕಲ್ಸನ್ ಟೊಲೀಡೊದಿಂದ ಮರಳಿದರು. ಹೊಸ ಆಟಗಾರರನ್ನು ತಂಡಗಳು ಆರಿಸಿಕೊಳ್ಳುವ 2020ರ ಆಯ್ಕೆಯಲ್ಲಿ ದೇಶಕ್ಕೇ ಮೊದಲಿಗರಾಗಿ, 2023ರಲ್ಲಿ 31 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದಂತೆ) ಹೊಡೆದು, ಜೂನ್‌ನಲ್ಲಿ ಕೆಳಕ್ಕೆ ಹೋಗಿದ್ದವರು ಅವರು. ಜಾಗ ಮಾಡಿಕೊಡಲು ಅನುಭವಿ ಜಿಯೊ ಉರ್ಶೆಲಾ ಅವರನ್ನು ತಂಡ ಬಿಡುಗಡೆ ಮಾಡಿತು. ಆರು ವರ್ಷಕ್ಕೆ 14 ಕೋಟಿ ಡಾಲರ್ ಒಪ್ಪಂದದ ಶಾರ್ಟ್‌ಸ್ಟಾಪ್ ಹಾವಿಯೆರ್ ಬಾಯೆಸ್ .184 ಸರಾಸರಿಯಲ್ಲಿ ಒದ್ದಾಡುತ್ತಿದ್ದರು. ಅವರು ಸೊಂಟದ ಶಸ್ತ್ರಚಿಕಿತ್ಸೆಗೆ ಹೋದಾಗ ಆ ಜಾಗ ಪೂರ್ತಿ ಸ್ವೀನಿಯದಾಯಿತು. ಫ್ಲಾಹರ್ಟಿಯನ್ನು ಕೊಟ್ಟು ತಂದವರೇ ಪ್ಲೇಆಫ್ ತಂಡದ ಶಾರ್ಟ್‌ಸ್ಟಾಪ್! ಹಾಗೆ ನೋಡಿದರೆ ಆ ವಿನಿಮಯ ಆಸೆ ಬಿಟ್ಟಿದ್ದೂ ಹೌದು, ಆಸೆ ಕಟ್ಟಿದ್ದೂ ಹೌದು.

ಎರಡು ವಾರದಲ್ಲಿ ಬ್ಯಾಟಿಂಗ್ ಸಾಲಿನ ಅರ್ಧಕ್ಕೂ ಹೆಚ್ಚು ಬದಲಾಯಿತು, ಫೀಲ್ಡಿಂಗ್ ಬಿಗಿಯಾಯಿತು. ಸೆಪ್ಟೆಂಬರ್ 5ರಂದು ಸ್ಯಾನ್ ಡಿಯೇಗೊದಲ್ಲಿ 0-3 ಹಿಂದಿದ್ದಾಗ, ಒಂಬತ್ತನೆಯ ಇನಿಂಗ್ಸ್‌ನಲ್ಲಿ ಎರಡು ಔಟ್ ಆಗಿದ್ದಾಗ, ಮೂರೂ ಬೇಸ್ ತುಂಬಿದ್ದಾಗ, ಮೇ ತಿಂಗಳಲ್ಲಿ ಬ್ಯಾಟಿಗೆ ಚೆಂಡು ತಗುಲಿಸಲಾಗದಿದ್ದ ಆ ಮೆಡೋಸ್ ಹೋಮ್ ರನ್ ಹೊಡೆದು ಒಟ್ಟಿಗೇ ನಾಲ್ಕು ರನ್ ತಂದರು. 4-3.

ಪಿಚಿಂಗ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಸಾಮಾನ್ಯವಾಗಿ ತಂಡಕ್ಕೆ ಐವರು ಆರಂಭಿಕ ಪಿಚರ್‌ಗಳಿರುತ್ತಾರೆ. ಸರದಿಯಂತೆ ಬಂದು ಐದಾರು ಇನಿಂಗ್ಸ್ ಎಸೆಯುತ್ತಾರೆ. ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಬಳಿ ನಂಬಬಹುದಾಗಿದ್ದದ್ದು ಸ್ಕೂಬಲ್, ಜೊತೆಗೆ ಹೊಸಬ ಕೈಡರ್ ಮೊಂಟೆರೊ. ರೀಸ್ ಓಲ್ಸನ್ ಭುಜ ನೋವಿನಿಂದ, ಕೇಸಿ ಮೈಜ್ ತೊಡೆ ನೋವಿನಿಂದ ಹೊರಗೆ. ಜಪಾನಿನ ಕೆಂಟ ಮಯೆಡ ಹೊಡೆತ ತಿಂದು ಬದಲಿ ಪಿಚರ್‌ಗಳ ಸಾಲಿಗೆ ಹೋಗಿದ್ದರು. ಉಳಿದ ದಿನಗಳಿಗೆ ಮ್ಯಾನೇಜರ್ ಎ.ಜೆ. ಹಿಂಚ್ ಆರಂಭಿಕ ಪಿಚರ್ ಎಂಬ ಸ್ಥಾನವನ್ನೇ ಎತ್ತಿಹಾಕಿದರು. ಟೈಲರ್ ಹೋಲ್ಟನ್ ಅಥವಾ ಬೋ ಬ್ರೀಸ್ಕಿ ಒಂದೆರಡು ಇನಿಂಗ್ಸ್ ಎಸೆದು ಹೋಗುವುದು, ಎಡಗೈಯ ಬ್ರ್ಯಾಂಟ್ ಹರ್ಟರ್ ನಡುವಿನ ನಾಲ್ಕೈದು ಇನಿಂಗ್ಸ್ ನೋಡಿಕೊಳ್ಳುವುದು, ಕೊನೆಗೆ ಎದುರಿಗೆ ಯಾರು ಬ್ಯಾಟ್ ಮಾಡುತ್ತಾರೋ ಅವರಿಗೆ ತಕ್ಕವನನ್ನು ಇಳಿಸುವುದು. ಈ ಪದ್ಧತಿಯನ್ನು ಹಿಂಚ್ 'ಪಿಚಿಂಗ್ ಗೊಂದಲ' ಎಂದೇ ಕರೆದರು. ಗೊಂದಲ ಎದುರಾಳಿಗೆ, ಇವರ ಬಳಿ ಕಾಗದದ ಮೇಲೆ ಎಲ್ಲ ಬರೆದಿತ್ತು.

ಇದು ಫಲಿಸಲು ಕಾರಣವಿದೆ. ಒಂದೇ ಪಂದ್ಯದಲ್ಲಿ ಒಬ್ಬ ಪಿಚರ್‌ನನ್ನು ಮೂರನೆಯ ಸಲ ಎದುರಿಸುವ ಬ್ಯಾಟರ್ ಮೊದಲ ಸಲಕ್ಕಿಂತ ಚೆನ್ನಾಗಿ ಹೊಡೆಯುತ್ತಾನೆ. ವರ್ಷಗಟ್ಟಲೆಯ ಅಂಕಿಅಂಶ ಅದನ್ನು ತೋರಿಸಿದೆ. ಹಿಂಚ್ ಮೂರನೆಯ ಭೇಟಿಗೆ ಅವಕಾಶವನ್ನೇ ಕೊಡಲಿಲ್ಲ. ಟಿ20ಯಲ್ಲಿ ನಾಯಕ ಯಾವ ಬೌಲರ್‌ಗೂ ಒಂದೇ ತುದಿಯಿಂದ ಸತತ ಎರಡು ಓವರ್ ಕೊಡದೆ ಬ್ಯಾಟರ್‌ಗೆ ಲಯ ಸಿಗದಂತೆ ಮಾಡುವುದನ್ನು ನೀವು ನೋಡಿರುತ್ತೀರಿ, ಇದೂ ಅದೇ ಯೋಚನೆ. ವ್ಯತ್ಯಾಸವೆಂದರೆ ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಬಂದ ಪಿಚರ್ ಆ ಪಂದ್ಯಕ್ಕೆ ಮರಳುವಂತಿಲ್ಲ, ನಾಳೆಯೂ ಪಂದ್ಯವಿದೆ. ಆದ್ದರಿಂದ ಟೊಲೀಡೊದಿಂದ ದಣಿಯದ ತೋಳುಗಳು ಬರುತ್ತಲೇ ಇರಬೇಕು. ಸೆಪ್ಟೆಂಬರ್‌ನ ಹದಿನಾಲ್ಕನೆಯ ಪಿಚರ್ ಇವರಿಗೆ ಬೇರೆ ಯಾವ ತಂಡಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂದ.

ಸೆಪ್ಟೆಂಬರ್ 13ರಂದು ಬಾಲ್ಟಿಮೋರ್ ವಿರುದ್ಧ ಬ್ರೀಸ್ಕಿ ಆರಂಭಿಸಿದ ಪಂದ್ಯವನ್ನು ಹರ್ಟರ್ ಮುಂದುವರಿಸಿದರು. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಎರಡು ಔಟ್ ಆಗುವವರೆಗೆ ಎದುರಾಳಿಗೆ ಒಂದೂ ಹಿಟ್ ಸಿಕ್ಕಿರಲಿಲ್ಲ. ಗನ್ನರ್ ಹೆಂಡರ್ಸನ್ ಟ್ರಿಪಲ್ (ಮೂರನೆಯ ಬೇಸ್‌ವರೆಗೆ ಓಡಿಸುವ ಹಿಟ್) ಹೊಡೆದು ಅದನ್ನು ಕೆಡಿಸಿದರು. ಗೆದ್ದದ್ದು 1-0ಯಿಂದ. ಅದಕ್ಕೆ ಮೂರು ದಿನ ಮೊದಲು ಕೊಲರಾಡೊ ವಿರುದ್ಧ ಮೊಂಟೆರೊ ಒಬ್ಬರೇ ಒಂಬತ್ತೂ ಇನಿಂಗ್ಸ್ ಎಸೆದು ಒಂದೂ ರನ್ ಕೊಡಲಿಲ್ಲ. ಗೊಂದಲದ ನಡುವೆ ಅಂಥದೊಂದು ಹಳೆಯ ಕಾಲದ ಪಂದ್ಯವೂ ಬಂದದ್ದು ನನಗೆ ಬಹಳ ಇಷ್ಟವಾಯಿತು, ಅಷ್ಟೂ ಬದಲಿ ಪಿಚರ್‌ಗಳಿಗೆ ಅಂದು ರಜೆ.

ಅದೃಷ್ಟದ ಪಾಲು ಎಲ್ಲಿ ಎಂದು ಕೇಳಿದ್ದೀರಿ. ಬಹುಪಾಲು ಮಿನೆಸೋಟದಲ್ಲಿ. ಅದೇ ವಿಭಾಗದ ಮಿನೆಸೋಟ ಟ್ವಿನ್ಸ್ ಆಗಸ್ಟ್ 17ರಂದು 70-53ರಲ್ಲಿತ್ತು. ಉಳಿದ 39ರಲ್ಲಿ 12 ಗೆದ್ದು 27 ಸೋತಿತು. ಜುಲೈ ಗಡುವಿನಲ್ಲಿ ಆ ತಂಡ ತಂದದ್ದು ಟ್ರೆವರ್ ರಿಚರ್ಡ್ಸ್ ಎಂಬ ಒಬ್ಬ ಪಿಚರ್‌ನನ್ನು ಮಾತ್ರ. ಅವರನ್ನೂ ಆಗಸ್ಟ್ ಮುಗಿಯುವ ಮೊದಲೇ ಪಟ್ಟಿಯಿಂದ ತೆಗೆಯಿತು. 2022ರಿಂದ ಪ್ರತಿ ಲೀಗ್‌ನಿಂದ ಆರು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ: ಮೂವರು ವಿಭಾಗ ವಿಜೇತರು, ಜೊತೆಗೆ ವೈಲ್ಡ್ ಕಾರ್ಡ್ ಎಂಬ ಹೆಸರಿನಲ್ಲಿ ಇನ್ನೂ ಮೂರು. ಆರನೆಯ ಬಾಗಿಲು ಇರದಿದ್ದರೆ 2024ರ ಟೈಗರ್ಸ್ ಹೊರಗೇ. ಸಿಯಾಟಲ್ 85 ಗೆದ್ದು ಒಂದೇ ಪಂದ್ಯದಿಂದ ಪ್ಲೇಆಫ್ ಕಳೆದುಕೊಂಡಿತು. ಮತ್ತೆ ಸೆಪ್ಟೆಂಬರ್ 27ರಂದು ಟೈಗರ್ಸ್ 4-1ರಿಂದ ಸೋಲಿಸಿ ಸ್ಥಾನ ಖಚಿತಪಡಿಸಿಕೊಂಡದ್ದು ಯಾರನ್ನು? ಶಿಕಾಗೊ ವೈಟ್ ಸಾಕ್ಸ್. ಅದು ಆ ತಂಡದ 121ನೆಯ ಸೋಲು. 1962ರ ನ್ಯೂಯಾರ್ಕ್ ಮೆಟ್ಸ್‌ನ 120 ಸೋಲುಗಳ ಆಧುನಿಕ ದಾಖಲೆ ಅಂದೇ ಮುರಿಯಿತು. ಕೊನೆಯ ವಾರದಲ್ಲಿ ಅಂಥ ಎದುರಾಳಿ ಸಿಕ್ಕಿದ್ದನ್ನು ಯಾವ ಮ್ಯಾನೇಜರ್‌ನ ಜಾಣತನಕ್ಕೂ ಸೇರಿಸಲಾಗದು.

ಪ್ಲೇಆಫ್‌ನಲ್ಲಿ ಮೊದಲು ಹ್ಯೂಸ್ಟನ್. ಹಿಂಚ್ ಅಲ್ಲಿನ ಮಾಜಿ ಮ್ಯಾನೇಜರ್. ಎದುರಾಳಿಗಳ ಸನ್ನೆ ಕದ್ದ ಪ್ರಕರಣದಲ್ಲಿ 2020ರ ಜನವರಿಯಲ್ಲಿ ಅಮಾನತಾಗಿ ಕೆಲಸ ಕಳೆದುಕೊಂಡವರು. ಮೊದಲ ಪಂದ್ಯ ಸ್ಕೂಬಲ್ ಬಲದಿಂದ 3-1. ಎರಡನೆಯದರಲ್ಲಿ ಗೊಂದಲದ ಪದ್ಧತಿ, ಆಂಡಿ ಇಬಾನ್ಯೆಸ್ ಹ್ಯೂಸ್ಟನ್ ಪಿಚರ್ ಜಾಶ್ ಹೇಡರ್‌ಗೆ ಹೊಡೆದ ಮೂರು ರನ್‌ಗಳ ಡಬಲ್, 5-2. ಸತತ ಏಳು ವರ್ಷ ಲೀಗ್ ಫೈನಲ್ ಆಡಿದ್ದ ಹ್ಯೂಸ್ಟನ್ ಮನೆಗೆ ಹೋಯಿತು. ಮುಂದೆ ಕ್ಲೀವ್‌ಲ್ಯಾಂಡ್. ಇಡೀ ಋತುವಿನಲ್ಲಿ ಸರಾಸರಿ 0.61 ರನ್ ಮಾತ್ರ ಕೊಟ್ಟಿದ್ದ ಇಮ್ಯಾನ್ಯುಯೆಲ್ ಕ್ಲಾಸೆಗೆ ಎರಡನೆಯ ಪಂದ್ಯದ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಕಾರ್ಪೆಂಟರ್ ಮೂರು ರನ್‌ಗಳ ಹೋಮ್ ರನ್ ಹೊಡೆದರು. ಆದರೂ ಸರಣಿ ಐದನೆಯ ಪಂದ್ಯಕ್ಕೆ ಹೋಗಿ, ಅಲ್ಲಿ ಲೇನ್ ಥಾಮಸ್ ಸ್ಕೂಬಲ್ ಚೆಂಡನ್ನೇ ಬೇಸ್ ತುಂಬಿದ್ದಾಗ ಹೋಮ್ ರನ್‌ಗೆ ಎತ್ತಿದರು. ಈ ಥಾಮಸ್ ಯಾರು? ಜುಲೈ 29ರಂದು ಕ್ಲೀವ್‌ಲ್ಯಾಂಡ್ ವಾಷಿಂಗ್ಟನ್‌ನಿಂದ ತಂದಿದ್ದವರು. ಆಗಸ್ಟ್ ಪೂರ್ತಿ ಎಡವಿ ಟೀಕೆ ತಿಂದಿದ್ದರು. ಜುಲೈನಲ್ಲಿ ಕೊಳ್ಳುವುದು ವ್ಯರ್ಥ ಎಂದು ನಾನು ಹೇಳಹೊರಟರೆ ಥಾಮಸ್ ಅಡ್ಡ ನಿಲ್ಲುತ್ತಾರೆ.

2021ರ ಅಟ್ಲಾಂಟಾ ಬ್ರೇವ್ಸ್ ಕೂಡ ಅಡ್ಡ ನಿಲ್ಲುತ್ತದೆ. ಜುಲೈ 10ರಂದು ಅವರ ತಾರೆ ರೊನಾಲ್ಡ್ ಅಕುನ್ಯ ಮಂಡಿಯ ಅಸ್ಥಿರಜ್ಜು ಹರಿದುಕೊಂಡರು. ತಿಂಗಳೊಳಗೆ ಆ ತಂಡದ ಮುಖ್ಯಸ್ಥ ಅಲೆಕ್ಸ್ ಆಂಥೊಪೋಲಸ್ ನಾಲ್ವರು ಔಟ್‌ಫೀಲ್ಡರ್‌ಗಳನ್ನು ತಂದರು: ಜಾಕ್ ಪೀಡರ್ಸನ್, ಆಡಂ ಡುವಾಲ್, ಎಡ್ಡಿ ರೊಸಾರಿಯೊ, ಹೋರ್ಹೆ ಸೊಲೇರ್. ನಾಲ್ವರಿಗೂ ತೆತ್ತ ಬೆಲೆ ತೀರ ಕಡಿಮೆ. 88 ಗೆದ್ದು ವಿಭಾಗ ಗೆದ್ದರು. ಲೀಗ್ ಫೈನಲ್‌ನ ಶ್ರೇಷ್ಠ ಆಟಗಾರ ರೊಸಾರಿಯೊ, ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯ ಶ್ರೇಷ್ಠ ಆಟಗಾರ ಸೊಲೇರ್. ಎಲ್ಲಿ ತೂತಿತ್ತೋ ಅಲ್ಲೇ ತೇಪೆ ಹಾಕಿದ್ದರಿಂದ ಅದು ಫಲಿಸಿತು. ಇದಕ್ಕೆ ತದ್ವಿರುದ್ಧ 2023ರ ಲಾಸ್ ಏಂಜಲೀಸ್ ಏಂಜಲ್ಸ್ ತಂಡ. ಜುಲೈನಲ್ಲಿ ಲೂಕಸ್ ಜಿಯೊಲಿಟೊ ಮತ್ತು ರೆನಾಲ್ಡೊ ಲೋಪೆಸ್ ಅವರನ್ನು ತಂದು, ಸೋತು ಸುಣ್ಣವಾಗಿ, ಆಗಸ್ಟ್ ಕೊನೆಗೆ ಅವರನ್ನೂ ಸೇರಿಸಿ ಹಲವರನ್ನು ಯಾರು ಬೇಕಾದರೂ ಒಯ್ಯಿರಿ ಎಂದು ಬಿಟ್ಟಿತು. ಇಬ್ಬರನ್ನೂ ಎತ್ತಿಕೊಂಡ ಕ್ಲೀವ್‌ಲ್ಯಾಂಡ್ ಕೂಡ 76-86ರಲ್ಲಿ ಮುಗಿಸಿತು.

ಇನ್ನು 2025. ಜುಲೈ ಆರಂಭದಲ್ಲಿ ಟೈಗರ್ಸ್ ಕ್ಲೀವ್‌ಲ್ಯಾಂಡ್‌ಗಿಂತ 15½ ಪಂದ್ಯ ಮುಂದಿತ್ತು. ಗಡುವಿನ ಹೊತ್ತಿಗೆ ಕ್ರಿಸ್ ಪ್ಯಾಡಕ್, 41 ದಾಟಿದ ಚಾರ್ಲಿ ಮಾರ್ಟನ್, ಕೈಲ್ ಫಿನ್ನೆಗನ್ ಮೊದಲಾದವರನ್ನು ತಂದಿತು. ಫಿನ್ನೆಗನ್ ಚೆನ್ನಾಗಿ ಎಸೆದರು, ಸೆಪ್ಟೆಂಬರ್‌ನಲ್ಲಿ ಗಾಯಗೊಂಡರು. ಮಾರ್ಟನ್ ಅವರನ್ನು ಋತು ಮುಗಿಯುವ ಒಂದು ವಾರ ಮೊದಲು ತಂಡ ಕೈಬಿಟ್ಟಿತು. ಆದರೆ ಇವರನ್ನು ತಂದದ್ದೇ ತಪ್ಪಾಯಿತು ಎನ್ನುವವರ ಜೊತೆ ನಾನಿಲ್ಲ. ಹಾನಿ ಆದದ್ದು ಕೆಳಗಿನ ಸಾಲಿನಲ್ಲಿ. ಹಿಂದಿನ ಸೆಪ್ಟೆಂಬರ್‌ನಲ್ಲಿ ಟೊಲೀಡೊದಿಂದ ಬಂದು ಪ್ಲೇಆಫ್‌ನಲ್ಲೂ ಎಸೆದಿದ್ದ ಜ್ಯಾಕ್ಸನ್ ಜೋಬ್ ಜೂನ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದರು, ಓಲ್ಸನ್ ಜುಲೈ ಕೊನೆಗೆ ಇಡೀ ಋತುವಿಗೆ ಹೊರಗಾದರು. 2024ರಲ್ಲಿ ಆಗಸ್ಟ್ ಬಂದಾಗ ಗಾಯಾಳುಗಳು ಮರಳುತ್ತಿದ್ದರು, 2025ರಲ್ಲಿ ಹೋಗುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಏಳು ಗೆಲುವು, ಹದಿನೇಳು ಸೋಲು.

ಕ್ಲೀವ್‌ಲ್ಯಾಂಡ್ ಆ ವರ್ಷ ಕೊಟ್ಟ ತಂಡ. ಪಿಚರ್ ಶೇನ್ ಬೀಬರ್ ಅವರನ್ನು ಟೊರಾಂಟೊಗೆ ಕಳಿಸಿತ್ತು. ಬೆಟ್ಟಿಂಗ್ ತನಿಖೆಯಿಂದಾಗಿ ಕ್ಲಾಸೆ ಹೊರಗಿದ್ದರು. ಆ ತಂಡ ಹೊರಗಿನಿಂದ ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ. ಆಗಸ್ಟ್‌ನಲ್ಲಿ ತನ್ನದೇ ಕಿರಿಯ ತಂಡದಿಂದ ಪಾರ್ಕರ್ ಮೆಸಿಕ್ ಅವರನ್ನು, ಸೆಪ್ಟೆಂಬರ್ 1ಕ್ಕೆ ಜಾರ್ಜ್ ವಲೇರಾ ಅವರನ್ನು ಕರೆಸಿ, ಆರು ಆರಂಭಿಕ ಪಿಚರ್‌ಗಳ ಸರದಿ ಇಟ್ಟುಕೊಂಡು 88-74ರಲ್ಲಿ ವಿಭಾಗ ಗೆದ್ದಿತು. ಟೈಗರ್ಸ್ 87-75. ಅಷ್ಟು ಹಿಂದಿನಿಂದ ಬಂದು ಯಾವ ತಂಡವೂ ಅಗ್ರಸ್ಥಾನ ಹಿಡಿದ ಉದಾಹರಣೆ ಅಮೆರಿಕದ ಮೇಜರ್ ಲೀಗ್ ಇತಿಹಾಸದಲ್ಲಿಲ್ಲ. ಮೊಮ್ಮಗನಿಗೆ ಸಮಾಧಾನ ಹೇಳಬೇಕಿದ್ದರೆ, ವೈಲ್ಡ್ ಕಾರ್ಡ್ ಸುತ್ತಿನಲ್ಲಿ ಅದೇ ಕ್ಲೀವ್‌ಲ್ಯಾಂಡ್ ಅನ್ನು ಟೈಗರ್ಸ್ 2-1ರಿಂದ ಸೋಲಿಸಿತು ಎನ್ನಿ. ಮುಂದಿನ ಸುತ್ತಿನ ಐದನೆಯ ಪಂದ್ಯದಲ್ಲಿ ಸಿಯಾಟಲ್‌ಗೆ 15 ಇನಿಂಗ್ಸ್ ಆಡಿ 3-2ರಿಂದ ಸೋತದ್ದು ಅವನಿಗೆ ನೆನಪಿದ್ದೇ ಇರುತ್ತದೆ.

ಫ್ಲಾಹರ್ಟಿಯನ್ನು ಉಳಿಸಿಕೊಂಡಿದ್ದರೆ 2024ರ ಆ ಐದನೆಯ ಪಂದ್ಯ ಗೆಲ್ಲುತ್ತಿತ್ತೇ ಎಂದು ಅವನು ಕೇಳಿದರೆ, ಇರಬಹುದು, ಆದರೆ ಆಗ ಶಾರ್ಟ್‌ಸ್ಟಾಪ್‌ನಲ್ಲಿ ಸ್ವೀನಿ ಇರುತ್ತಿರಲಿಲ್ಲ ಎಂದು ಉತ್ತರಿಸಿ. ಫ್ಲಾಹರ್ಟಿ ಡಾಡ್ಜರ್ಸ್ ಜೊತೆ ಆ ವರ್ಷದ ವರ್ಲ್ಡ್ ಸೀರೀಸ್ ಗೆದ್ದು, 2025ರ ಫೆಬ್ರುವರಿಯಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿ ಡೆಟ್ರಾಯಿಟ್‌ಗೇ ಮರಳಿದರು. ಮುಂದಿನ ಆಗಸ್ಟ್‌ನಲ್ಲಿ ನೀವು ಮತ್ತೆ ಅಲ್ಲಿದ್ದರೆ ಜುಲೈ ಕೊನೆಯ ಸುದ್ದಿಗಿಂತ ಆಗಸ್ಟ್ ಮಧ್ಯದಲ್ಲಿ ಗಾಯಾಳುಗಳ ಪಟ್ಟಿಯಿಂದ ಯಾರು ಹೊರಬಂದರು, ಟೊಲೀಡೊದಲ್ಲಿ ಎಷ್ಟು ಪಿಚರ್‌ಗಳು ಗಟ್ಟಿಯಾಗಿದ್ದಾರೆ ಎಂಬುದನ್ನು ಮೊದಲು ನೋಡಿ.